ಉಕ್ತಲೇಖನ

ಕೌಲ್ ಬಜಾರಿನ ನಮ್ಮ ಶಾಲೆಯ ದೂರು ಪೆಟ್ಟಿಗೆಗೆ
ಎರಡು ಬೀಗದ ಕೈ. ಒಂದು ಹೆಡ್‌ಮಾಸ್ಟರ ಡ್ರಾಯರಿನಲ್ಲಿ ತುಕ್ಕು ಹಿಡಿದಿದೆ,
ಇನ್ನೊಂದು ನನ್ನ ಟಿಫಿನ್ ಚೀಲದಲ್ಲಿ.
ಶನಿವಾರ ಮಕ್ಕಳು ಹೋದ ಮೇಲೆ ತೆರೆಯುತ್ತೇನೆ:
ಚಾಕ್ಲೇಟಿನ ಕಾಗದ, ಬಸ್ ಟಿಕೀಟು,
'ನಲ್ಲಿಗೆ ನೀರಿಲ್ಲ',
'ಎರ್ರಿಸ್ವಾಮಿ ಗಂಟೆ ಬೇಗ ಹೊಡೀಬೇಕು'.

ಆ ಶನಿವಾರ ಒಂದು ಜೀನ್ಸ್ ಪ್ಯಾಂಟಿನ ಲೇಬಲ್ಲು.
ಮುಂದೆ, ಸೈಜು ಮೂವತ್ತೆರಡು. ಹಿಂದೆ, ಪೆನ್ಸಿಲ್ಲಿನಲ್ಲಿ:
'ಫೋಟೋ ಕಳಿಸ್ದೆ. ಈಗ ದುಡ್ಡು ಕೇಳ್ತಾನೆ.
ಇಲ್ಲಾಂದ್ರೆ ಎಲ್ರಿಗೂ ಕಳಿಸ್ತಾನಂತೆ.'
ಹೆಸರಿಲ್ಲ.
ಈ ಓಣಿಯಲ್ಲಿ ಲೇಬಲ್ಲು ಯಾರ ಮನೆಯಲ್ಲಿಲ್ಲ?
ಅರ್ಧ ತರಗತಿ ಪುಸ್ತಕದಲ್ಲಿ ಗುರುತಿಗೆ ಇಡುವುದೂ ಅದನ್ನೇ.

ಸ್ಟಾಫ್ ರೂಮಿನಲ್ಲಿ ಹೇಳಲಿಲ್ಲ,
ಅಲ್ಲಿ ಗುಟ್ಟನ್ನೂ ಚಹಾದಂತೆ ಲೋಟಕ್ಕಿಷ್ಟು ಹಂಚುತ್ತಾರೆ.
ಪ್ರಾರ್ಥನೆಯ ಸಾಲಿನೆದುರು 'ಯಾರದು?' ಅನ್ನುವುದು
ಕೋಲಿಲ್ಲದೆ ಹೊಡೆದಂತೆ.
ಹನ್ನೊಂದು ವರ್ಷ ಕನ್ನಡ ಕಲಿಸಿದವಳು,
ಒತ್ತಕ್ಷರ ನೋಡಿ ಮಗು ಯಾವುದೆಂದು ಹೇಳಬಲ್ಲೆ.
ಹುಡುಕಲಿಲ್ಲ ಅಂದರೆ ಸುಳ್ಳು. ಭಾನುವಾರ
ನೋಟ್‌ಬುಕ್ಕಿನ ಗಂಟು ಬಿಚ್ಚಿ ಕೂತೆ.
ಆಮೇಲೆ ನಾಚಿಕೆಯಾಗಿ ಕಟ್ಟಿದೆ:
ಹೆಸರು ಬರೆಯದ ಕೈಯಿಂದ ಹೆಸರು ಕದಿಯುವುದೇ?

ಸೋಮವಾರ ಉಕ್ತಲೇಖನ. ಹತ್ತು.
ವಾತ್ಸಲ್ಯ. ಕೃತಜ್ಞತೆ. ಉಜ್ಜ್ವಲಕ್ಕೆ ಎಲ್ಲರೂ ತಲೆ ಕೆರೆದರು.
ಹತ್ತನೆಯದು ಪಾಠದಲ್ಲಿಲ್ಲದ್ದು:
'ಹೆದರಿಸಿದವರದೇ ತಪ್ಪು. ನಾನು ಹೇಳಬಹುದು.'
ಎರಡು ಸಲ ಹೇಳಿದೆ, ಕಿಟಕಿಯ ಕಡೆ ನೋಡುತ್ತ.

ನಲವತ್ತೊಂದು ಪುಸ್ತಕದಲ್ಲಿ ಆ ವಾಕ್ಯವಿತ್ತು, ತಪ್ಪೋ ಸರಿಯೋ.
ಒಂದರಲ್ಲಿ ಹತ್ತು ಎಂಬ ಅಂಕಿ ಮಾತ್ರ,
ಅದರ ಮುಂದೆ ರಬ್ಬರು ತಿಕ್ಕಿ ತಿಕ್ಕಿ
ಬೆಳಕು ತೂರುವಷ್ಟು ತೆಳ್ಳಗಾದ ಕಾಗದ.

ಪುಸ್ತಕದ ಕಟ್ಟು ಹೊರಲು ಅವನನ್ನು ಕರೆದೆ.
(ಹೆಸರು ಇಲ್ಲೂ ಬರೆಯುವುದಿಲ್ಲ.)
ದಿನಕ್ಕೊಬ್ಬರು ಹೊರುವುದೇ, ಯಾರೂ ತಿರುಗಿ ನೋಡಲಿಲ್ಲ.
ಮೆಟ್ಟಿಲ ಕೆಳಗೆ, ನೀರು ಬಾರದ ನಲ್ಲಿಯನ್ನು
ತಿರುಗಿಸಿದ, ಮುಚ್ಚಿದ, ತಿರುಗಿಸಿದ.
'ಗೇಮಲ್ಲಿ ಫ್ರೆಂಡ್ ಆಗಿದ್ದ ಟೀಚರ್. ನನ್ ವಯಸ್ಸೇ ಅಂದಿದ್ದ.'
ಮತ್ತೆ: 'ಅಮ್ಮಂಗೆ ಹೇಳ್ಬ್ಯಾಡ್ರಿ.'
ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ.
ನೀನು ಹೇಳುವಾಗ ಪಕ್ಕದಲ್ಲಿರುತ್ತೇನೆ, ಅಂದೆ.
ಒಂದು ಮೆಸೇಜೂ ಅಳಿಸಬೇಡ, ಅಂದೆ,
ಜೀವಮಾನವೆಲ್ಲ ಬೋರ್ಡು ಅಳಿಸಿದವಳು.

ಅವರ ಮನೆಯಲ್ಲಿ ಮಿಷಿನ್ನು ನಿಂತಿತು.
ನೀಲಿ ಪ್ಯಾಂಟಿನ ರಾಶಿಯ ಮೇಲೇ ಮೂವರೂ ಕೂತೆವು,
ಬೇರೆ ಜಾಗವಿರಲಿಲ್ಲ.
ತಾಯಿ ಫೋನು ನೋಡಿದಳು. ಬಹಳ ಹೊತ್ತು.
ಬಟ್ಟೆಯ ಬಣ್ಣ ಹತ್ತಿದ ಕೈ ಎತ್ತಿದಳು;
ನಾನು ಅಡ್ಡ ಬರುವಷ್ಟರಲ್ಲಿ ಆ ಕೈ
ಅವನ ತಲೆಗೂದಲಿನಿಂದ ಒಂದು ದಾರದ ತುಣುಕು ತೆಗೆಯಿತು.
'ವಾರದಿಂದ ಉಣ್ಣದೆ ಮಲಗ್ತಿದ್ದದ್ದು ಇದ್ಕೇನೋ?'

ಠಾಣೆಯಲ್ಲಿ ಬರೆದುಕೊಂಡಿದ್ದಾರೆ.
1098ರಿಂದ ಒಬ್ಬಾಕೆ ಬಂದು ಅವನ ಜೊತೆ ಕೂತು ಹೋಗುತ್ತಾಳೆ.
ಆ ಕಡೆಯವನು ಸಿಕ್ಕಿಲ್ಲ.
ಫೋಟೋ ಯಾರ ಯಾರ ಕಿಸೆಯಲ್ಲಿದೆಯೋ,
ನಡುರಾತ್ರಿ ನೆನಪಾಗಿ ನಾನೂ ಎದ್ದು ಕೂರುತ್ತೇನೆ.

ಈ ಶನಿವಾರ ಪೆಟ್ಟಿಗೆಯಲ್ಲಿ ಒಂದೇ ಚೀಟಿ:
'ಮೊಟ್ಟೆ ಸಣ್ಣವು ಕೊಡ್ತಾರೆ.'
ಎರಡು ಸಲ ಓದಿದೆ.
ತಿರುಗಿಸಿ ಹಿಂಬದಿಯನ್ನೂ ನೋಡಿದೆ.