ಸಿಕ್ಕ ಜಾಗ

ಘಟ್ಟ ಇಳಿದು ಕಡಲಿಗೆ ಹೋಗುವುದೆಂದು
ಮನೆಗೆ ಇನ್ನೂರೈವತ್ತರಂತೆ ದುಡ್ಡು ಎತ್ತಿದ್ದೆ.
ಟೆಂಪೋದವನು ಹಿಂದಿನ ರಾತ್ರಿ ಫೋನು ಮಾಡಿ
ಮದುವೆ ಬಾಡಿಗೆ ಸಿಕ್ಕಿತು ಮೇಡಂ, ಬೇಜಾರು ಮಾಡ್ಕೋಬೇಡಿ ಅಂದ.

ಬೆಳಿಗ್ಗೆ ಏಳು ಮಕ್ಕಳು
ಚಿಪ್ಪು ತುಂಬಲೆಂದು ಖಾಲಿ ಹಾರ್ಲಿಕ್ಸ್ ಬಾಟಲಿ ಹಿಡಿದು
ಶಾಲೆಯ ಜಗಲಿಯಲ್ಲಿ ಕೂತಿದ್ದವು.
ಅವನ ಮಾತನ್ನೇ ಅವರಿಗೆ ದಾಟಿಸಲು
ಬಾಯಿ ಬರಲಿಲ್ಲ.
ನಡೀರಿ ಅಂದೆ, ನಮ್ಮಲ್ಲೂ ಒಂದು ದಂಡೆ ಇದೆ.

ತುಮರಿಯಿಂದ ಆಚೆ, ಟಾರು ಮುಗಿದು, ಜಲ್ಲಿ ಮುಗಿದು,
ದನದ ಹಾದಿಯೂ ಮುಗಿದ ಮೇಲೆ
ಏಪ್ರಿಲ್ಲಿನ ಹಿನ್ನೀರು:
ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋದ ನೀರಿನ ಗೆರೆ,
ಬಿರುಕು ಬಿಟ್ಟ ಕೆಂಪು ನೆಲ,
ಅರವತ್ತು ವರ್ಷ ನೆನೆದೂ ಕೊಳೆಯಲೊಪ್ಪದ
ಮರದ ಬೊಡ್ಡೆಗಳು, ಒಂದೊಂದರ ಮೇಲೂ ಒಂದೊಂದು ನೀರುಕಾಗೆ.

ಚಿಪ್ಪು ಬೇಕಾದಷ್ಟಿತ್ತು.
ಹೊರಗೆ ಸೀದ ದೋಸೆಯ ಕಪ್ಪು,
ಒಳಗೆ ಎಣ್ಣೆ ಚೆಲ್ಲಿದ ನೀರಿನ ಬಣ್ಣ.
ಬಿಸಿಯೂಟದ ದುಗ್ಗಮ್ಮ ಮಡಿಲು ತುಂಬ ಆರಿಸಿದಳು,
ತಳ ಹಿಡಿದ ಪಾತ್ರೆ ಕೆರೆಯಲು
ಇದರಂಥ ಚಮಚ ಇಲ್ಲವಂತೆ.

ಕಿವಿಗಿಟ್ಟರೆ ಸಮುದ್ರ ಕೇಳುತ್ತಾ ಟೀಚರ್?
ಅದು ಶಂಖ ಕಣೋ ರಾಯ್ಸನ್, ಇದು ಕಪ್ಪೆಚಿಪ್ಪು.
ಹಾಗಾದರೆ ಕಪ್ಪೆ ಕೇಳಬೇಕಲ್ಲ ಎಂದು
ಅವನು ಕಿವಿಗೊಟ್ಟು ನಿಂತೇ ಇದ್ದ.

ಬಿಂದುಶ್ರೀ ಮಾತ್ರ ನೀರಿನ ಹತ್ತಿರ ಹೋಗಲಿಲ್ಲ.
ಮಣ್ಣಿನಿಂದ ಅರ್ಧ ಎದ್ದ ಪಂಚಾಂಗದ ಕಲ್ಲುಗಳ ನಡುವೆ
ಬಾಗಿಲಿದ್ದಿರಬಹುದಾದ ಕಡೆಯಿಂದಲೇ ಒಳಹೋಗಿ
ಕಡ್ಡಿಯಲ್ಲಿ ಕೆದಕುತ್ತಿದ್ದಳು.
ಎಂತ ಸಿಕ್ಕಿತೆ? ಅಂದರೆ
ಅಂಗೈ ಬಿಚ್ಚಿದಳು.
ಒಂದು ಕವಡೆ.
ಹೊಳಪೆಲ್ಲ ಹೋಗಿ, ಬೆನ್ನು ಒಡೆದು,
ಹಲ್ಲು ಮಾತ್ರ ಎಣಿಸುವಷ್ಟು ಗಟ್ಟಿ.

ಇದು ಈ ನೀರಿನದಲ್ಲ, ಅಂದೆ ನಾನು,
ವಿಜ್ಞಾನದ ದನಿಯಲ್ಲಿ.
ಉಪ್ಪಿನ ಗಾಡಿಯಲ್ಲೋ, ಬಳೆಗಾರನ ಮಲಾರದಲ್ಲೋ
ನಾವು ಇವತ್ತು ಇಳಿಯಲಾಗದ ಘಟ್ಟವನ್ನು
ಇದು ಯಾವತ್ತೋ ಹತ್ತಿ ಬಂದಿದೆ.

ದುಗ್ಗಮ್ಮ ಮಡಿಲ ಚಿಪ್ಪನ್ನೆಲ್ಲ ಕೆಳಗೆ ಸುರಿದು ಕೂತಳು.
ನಮ್ಮವ್ವನ ಹತ್ರ ಮೂರಿತ್ತು, ಅಂದಳು.
ನಾಕನೇದಕ್ಕೆ ಹುಣಸೆಬೀಜದ ಅರ್ಧ ಹೋಳು ಹಾಕಿ
ಚೌಕಾಬಾರ ಆಡ್ತಿದ್ಲು.
ಲಾರಿ ಬಂತು ಅಂತ ಆಟ ಅಲ್ಲೇ ಬಿಟ್ಟು ಎದ್ದರಂತೆ.
ಅವಳ ಕಾಯಿ ಹಣ್ಣಾಗಕ್ಕೆ
ಮೂರೇ ಮನೆ ಬಾಕಿ ಇತ್ತಂತೆ.
ಗದ್ದೆ ಹೋಯ್ತು ಅಂತ ಅತ್ತಿದ್ದು ನಾ ಕಾಣೆ,
ಆ ಮೂರು ಮನೆ ಸಿಟ್ಟು
ಸಾಯೋವರೆಗೂ ಇತ್ತು ಮಾರಾಯ್ತಿ.

ಇದು ಅದೇನಾ? ಏಳೂ ಮಕ್ಕಳು ಒಟ್ಟಿಗೆ.

ದುಗ್ಗಮ್ಮ ಕವಡೆಯನ್ನು ಸೆರಗಿನಲ್ಲಿ ಒರೆಸಿದಳು,
ಬಿಸಿಲಿಗೆ ಹಿಡಿದಳು, ತಿರುಗಿಸಿದಳು.
ಹೆಂಗೆ ಹೇಳದು. ಎಲ್ಲ ಕವಡೆನೂ ಒಂದೇ ಥರ ಇರ್ತವೆ.
ನಮ್ಮ ಮನೆ ಎಲ್ಲಿತ್ತು ಅಂತನೂ ನಂಗೆ ಗೊತ್ತಿಲ್ಲ.
ಹೇಳಿ, ಬಿಂದುಶ್ರೀಯ ಕೈಗೇ ವಾಪಸು ಕೊಟ್ಟಳು.

ಆಮೇಲೆ ಚಪ್ಪಟೆ ಕಲ್ಲೊಂದರ ಮೇಲೆ
ಇದ್ದಿಲಲ್ಲಿ ಮನೆ ಬರೆದು
ಮೂರು ಸಣ್ಣ ಕಪ್ಪೆಚಿಪ್ಪು, ಒಂದು ಕವಡೆ ಸೇರಿಸಿ ಆಡಿದೆವು.
ಆಟ ಸರಿಹೋಗಲಿಲ್ಲ.
ಗಾಳಿಗೆ ಚಿಪ್ಪು ಮಗುಚಿದ್ದನ್ನು
ಎಸೆತದ ಲೆಕ್ಕಕ್ಕೆ ಸೇರಿಸಿ ರಾಯ್ಸನ್ ಜಗಳ ತೆಗೆದ.
ಕಟ್ಟಿಕೊಂಡು ಹೋಗಿದ್ದ ಚಿತ್ರಾನ್ನ ಹಳಸಿತ್ತು.

ಸಂಜೆ ಶಾಲೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸ:
ಹೆಸರು. ಸಿಕ್ಕ ದಿನ. ಸಿಕ್ಕ ಜಾಗ.
ಆರು ಚೀಟಿಯಲ್ಲಿ 'ಶರಾವತಿ ಹಿನ್ನೀರು',
ಒಂದರಲ್ಲಿ ಒತ್ತಕ್ಷರ ತಪ್ಪು, ತಿದ್ದಿದೆ.

ಏಳನೆಯದು ಬಿಂದುಶ್ರೀಯದು.
ಹೆಸರು: ಕವಡೆ.
ಸಿಕ್ಕ ಜಾಗ: ಮನೆ.

ಕೆಂಪು ಪೆನ್ನಿನ ಮುಚ್ಚಳ ತೆಗೆದವಳು
ಹಾಕಿದೆ.
ದುಗ್ಗಮ್ಮ ಹಿಂದೆ ಅಡುಗೆಕೋಣೆಯಲ್ಲಿ
ತಳ ಕೆರೆಯುತ್ತಿದ್ದಳು.