ಲಾಭ, ಎರಡು, ಮೂರು

ಮಂಡಿಯಲ್ಲಿ ಯಾರೂ ಒಂದು ಅನ್ನುವುದಿಲ್ಲ.
ಮೊದಲ ಮೂಟೆ ಲಾರಿಗೆ ಬಿದ್ದಾಗ
ಕಾಳಯ್ಯ ಮೇಸ್ತ್ರಿ ಕೂಗುತ್ತಿದ್ದದ್ದು: ಲಾಭ!
ಆಮೇಲೆ ಎರಡು, ಮೂರು,
ಆರಾದ ಮೇಲೆ ಮತ್ತೊಂದು;
ಏಳು ಅಂದರೆ ಲಕ್ಷ್ಮಿ ಎದ್ದು ಹೋಗುತ್ತಾಳಂತೆ.
ಹೀಗೆ ಹನ್ನೊಂದು ವರ್ಷ
ಹಾಸನದ ಆಲೂಗಡ್ಡೆ
ನನ್ನ ಎಡ ಹೆಗಲ ಮೇಲೆ ಹಾದು ಊರು ಬಿಟ್ಟಿತು.

ಬಿ.ಎಂ. ರಸ್ತೆಯಲ್ಲಿ ಚಪ್ಪಲಿ ಅಂಗಡಿ ಮೇಲಿನ ಮಹಡಿ,
ಆರು ತಿಂಗಳ ಕೋಡಿಂಗ್ ಕ್ಲಾಸು.
ಬಾಗಿಲಲ್ಲೇ ಹಾಜರಿ ಮೆಷೀನು.
ಹೆಬ್ಬೆರಳು ಒತ್ತಿದೆ. ಕೆಂಪು.
ಪ್ಯಾಂಟಿಗೆ ಒರೆಸಿ ಒತ್ತಿದೆ. ಕೆಂಪು.
ಗೋಣಿನಾರಿಗೆ ತೇಯ್ದು ತೇಯ್ದು
ಗೆರೆಗಳೆಲ್ಲ ಸವೆದು
ನಾನು ಯಾರೆಂದು ನನ್ನ ಬೆರಳಿಗೇ ಗೊತ್ತಿಲ್ಲ.
"ಇರ್ಲಿ ಬಿಡಿ" ಅಂದರು ನೌಶೀನ್ ಮೇಡಂ,
ನನಗಿಂತ ಎಂಟು ವರ್ಷ ಚಿಕ್ಕವರು.
ರಿಜಿಸ್ಟರಲ್ಲಿ ಬರೆದುಕೊಂಡರು:
ಚೆಲುವರಾಜು, ಮೂವತ್ತೊಂದು.
ಹಿಂದಿನ ಅನುಭವ?
ಹೊತ್ತಿದ್ದೀನಿ, ಅಂದೆ.

ಮೊದಲ ವಾರವೇ ತಿಳಿಯಿತು,
ಇಲ್ಲೂ ಒಂದರಿಂದ ಎಣಿಸುವುದಿಲ್ಲ.
ಸಾಲಿನಲ್ಲಿ ಮೊದಲು ನಿಂತದ್ದು ಸೊನ್ನೆ.
ಬಿಎಸ್ಸಿ ಮುಗಿಸಿದ ಹುಡುಗರು ತಲೆ ಕೆರೆದುಕೊಂಡರು.
ನನಗೇನೂ ಅನ್ನಿಸಲಿಲ್ಲ.
ಮೊದಲನೆಯದಕ್ಕೆ ಬೇರೆ ಹೆಸರು
ಅನ್ನುವುದು ನಮ್ಮ ಕಡೆ ಹಳೇ ಮಾತು.

ಕಷ್ಟವಾದದ್ದು ಕೂರುವುದು.
ಐವತ್ತು ಕೆಜಿ ಹೊತ್ತು ಸುಮ್ಮನಿದ್ದ ಬೆನ್ನು
ಏನೂ ಹೊರದೆ ನೋಯತೊಡಗಿತು.
ಒಂದು ಬೆರಳಿಟ್ಟರೆ ಎರಡು ಕೀ ಒತ್ತುತ್ತದೆ.
ಸೆಮಿಕೋಲನ್ ಎಂಬುದೊಂದಿದೆ, ಜೀರಿಗೆಯಷ್ಟು,
ಮರೆತರೆ ಇಡೀ ಲಾರಿ ನಿಂತ ಜಾಗದಲ್ಲೇ ನಿಲ್ಲುತ್ತದೆ.
ಫೀಸು ಮೂರು ಕಂತು.
ಒಂದು ಕಂತೆಂದರೆ ಎರಡು ಸಾವಿರದ ನೂರು ಮೂಟೆ.
ಲೆಕ್ಕ ಹಾಕಬಾರದಿತ್ತು.
ಬೆಳಿಗ್ಗೆ ಐದಕ್ಕೆ ಎರಡು ಲೋಡು ಇಳಿಸಿ
ಹತ್ತಕ್ಕೆ ಕ್ಲಾಸಲ್ಲಿ ಕೂತರೆ
ಕೀಬೋರ್ಡಿನ ಸಂದಿಗೆ ಕೆಮ್ಮಣ್ಣು.
ಪಕ್ಕದವನು ಊದಿ ತೆಗೆಯುತ್ತಿದ್ದ,
ನನಗೆ ಕಾಣದ ಹಾಗೆ.

ಮೂರನೇ ತಿಂಗಳು ಮೂಟೆ ಎಣಿಸುವ ಪ್ರೋಗ್ರಾಂ ಬರೆದೆ.
ನೂರು ಕೊಟ್ಟರೆ ತೊಂಬತ್ತೊಂಬತ್ತು ಅಂದಿತು.
ಮಂಡಿಯಲ್ಲಾಗಿದ್ದರೆ ಆ ಒಂದನ್ನು
ನಮ್ಮ ಕೂಲಿಯಲ್ಲಿ ಮುರಿಯುತ್ತಿದ್ದರು,
ಗೇಟಿನ ಹತ್ತಿರ ಇಮಾಮನ ಜೇಬು ತಡಕುತ್ತಿದ್ದರು,
ಒಂದು ಆಲೂಗಡ್ಡೆಯೂ ಹಿಡಿಸದ ಜೇಬನ್ನು.
ಮೇಡಂ ಬಗ್ಗಿ ನೋಡಿ ಅಂದದ್ದಿಷ್ಟೆ:
"ಎಲ್ಲರಿಗೂ ಆಗುತ್ತೆ. ಈ ತಪ್ಪಿಗೊಂದು ಹೆಸರೇ ಇದೆ."
ತಪ್ಪಿಗೆ ಹೆಸರಿಟ್ಟಿದ್ದಾರೆ, ಮನುಷ್ಯನಿಗಲ್ಲ.
ಎದ್ದು ಹೋಗಿ ಮುಖ ತೊಳೆದು ಬಂದೆ.

ಮೊನ್ನೆ ಕೆಲಸವಾಯಿತು, ಸಾಲಗಾಮೆ ರಸ್ತೆಯಲ್ಲೇ,
ತೂಕದ ಸೇತುವೆಗಳಿಗೆ ಬಿಲ್ಲು ಬರೆಯುವ ಪುಟ್ಟ ಕಂಪನಿ.
ಸಂಬಳ, ನಿಜ ಹೇಳಬೇಕೆಂದರೆ,
ಸೀಸನ್ನಿನ ಕೂಲಿಗಿಂತ ಕಮ್ಮಿ, ಸದ್ಯಕ್ಕೆ.
ಹೆಗಲಿಗೆ ಇನ್ನೂ ನಂಬಿಕೆಯಿಲ್ಲ.
ಬೆಳಗಿನ ಜಾವ ಐದಕ್ಕೆ ತಾನೇ ಎಚ್ಚರಾಗಿ
ಏನೋ ಬರಲಿದೆಯೆಂದು ಕಾಯುತ್ತದೆ.

ಭಾನುವಾರ ಮಂಡಿಗೆ ಹೋದೆ, ಫೋನಲ್ಲಿ ಪ್ರೋಗ್ರಾಂ ತೋರಿಸಲು.
ಸೊನ್ನೆ ಬಂದಾಗ ಏನನ್ನಬೇಕೆಂದು
ಒಂದು ಸಾಲು ಸೇರಿಸಿದ್ದೆ,
ಆರಾದ ಮೇಲೆ ಏನನ್ನಬೇಕೆಂದು ಇನ್ನೊಂದು.
ಮೇಸ್ತ್ರಿ ಕನ್ನಡಕದ ಮೇಲಿಂದ, ಕೆಳಗಿಂದ ನೋಡಿದರು.
ಅವರಿಗೆ ಓದು ಬಾರದು.
"ಅದೇನಂತದೋ ನೀನೇ ಹೇಳು" ಅಂದರು.

ಪರದೆ ನೋಡಿ ಕೂಗಿದೆ: ಲಾಭ!
ಆಚೆ, ಖಾಲಿ ಲಾರಿಯ ಮೇಲೆ
ಬೀಡಿ ಹಚ್ಚುತ್ತಿದ್ದ ಇಮಾಮ
ಕಡ್ಡಿ ಬಿಸಾಕಿ, ನೋಡದೆಯೇ,
ಎರಡೂ ಕೈ ಚಾಚಿದ.