ಉಪ್ಪಾಗುವುದಕ್ಕೆ ಎಷ್ಟು ಹೊತ್ತು

ಟ್ರಾಪಾನಿಯಲ್ಲಿ ಚಳಿಗಾಲಕ್ಕೆ ಉಪ್ಪಿನ ಗದ್ದೆಗಳಿಗೆ ಬಿಡುವು.
ರಾಶಿಗಳಿಗೆ ಹಂಚು ಹೊದಿಸಿ
ಗಾಳಿಗಿರಣಿಯ ರೆಕ್ಕೆ ಬಿಗಿದು ಕಟ್ಟಿ
ನಾವು ಹನ್ನೊಂದು ಜನ ಸಂಜೆ ಶಾಲೆಗೆ ಬರುತ್ತಿದ್ದೆವು,
ಸಂಘ ಜಗಳಾಡಿ ಗಿಟ್ಟಿಸಿಕೊಟ್ಟ
ನೂರೈವತ್ತು ಗಂಟೆಗಳ ಓದಿಗೆ.
ಮಕ್ಕಳ ಬೆಂಚು. ಮೊಣಕಾಲು ಎಲ್ಲಿಡುವುದೆಂದೇ ತಿಳಿಯದು.

ಲಿವೊರ್ನೊ ಕಡೆಯ ಎರ್ಸಿಲಿಯಾ ಟೀಚರ್
ಒಂದು ಪುಸ್ತಕ ತಂದರು, ಅವರಜ್ಜನದು,
ಬಲದಿಂದ ಎಡಕ್ಕೆ ಓದುವಂಥದ್ದು.
"ಇಲ್ಲಿ ಪೂಜೆ ಬೇಡ, ಜಗಳವೂ ಬೇಡ.
ಕತೆ ಅಂತ ಓದೋಣ. ಹೇಳುವವನು ಏನನ್ನು
ಹೇಳದೆ ಬಿಟ್ಟಿದ್ದಾನೆ, ನೋಡೋಣ."
ಇಗರ್ಜಿಯ ಗಂಟೆ ಹೊಡೆಯುವ ಕಾಲೊಜೆರೊ
ಎದೆಯ ಮೇಲೆ ಶಿಲುಬೆ ಗೀಚಿಕೊಂಡ,
ಯಾವುದಕ್ಕೂ ಇರಲಿ ಅಂತ.

ಅವತ್ತಿನ ಕತೆಯಲ್ಲಿ ಊರಿಗೆ ಬೆಂಕಿ ಬೀಳುತ್ತದೆ.
ಒಂದೇ ಸಂಸಾರಕ್ಕೆ ಓಡಲು ಅಪ್ಪಣೆ,
ಹಿಂದಕ್ಕೆ ನೋಡಬಾರದೆಂಬ ಕಟ್ಟು.
ಗಂಡನಿಗೆ ಹೆಸರಿದೆ. ಅವನ ದೊಡ್ಡಪ್ಪನಿಗಿದೆ.
ಅಡಗಿಕೊಳ್ಳಲು ಸಿಕ್ಕ ಅಂಗೈಯಗಲದ ಹಳ್ಳಿಗೂ ಇದೆ.
ಹೆಂಡತಿಗಿಲ್ಲ.
ಅವಳ ಪಾಲಿಗೆ ಮೂಲದಲ್ಲಿ ಆರು ಪದ,
ಟೀಚರ್ ಬೆರಳು ಮಡಿಚಿ ಎಣಿಸಿದರು:
ಮೂರರಲ್ಲಿ ಗಂಡನ ಬೆನ್ನ ಹಿಂದಿನಿಂದ ನೋಡುತ್ತಾಳೆ,
ಮೂರರಲ್ಲಿ ಉಪ್ಪಿನ ಕಂಬವಾಗಿರುತ್ತಾಳೆ.
ಮುಂದಿನ ಸಾಲಿನಲ್ಲಿ ಬೇರೆ ಯಾರೋ
ಬೆಳಗಿನ ಜಾವ ಎದ್ದಿದ್ದಾರೆ.

ಹಿಂದಿನ ಬೆಂಚಿನಿಂದ ಕ್ರೊಚಿಫಿಸ್ಸಾ ಕೈಯೆತ್ತಿದಳು,
ಉಪ್ಪುನೀರಿಗೆ ಸೀಳಿ ಸೀಳಿ ಬಂಜರಾದ ಕೈ.
"ಇದನ್ನು ಬರೆದವನು ಉಪ್ಪು ಮಾಡಿದವನಲ್ಲ ಟೀಚರ್.
ಉಪ್ಪು ಥಟ್ಟನೆ ಆಗುವುದಿಲ್ಲ.
ನೀರು ನಿಲ್ಲಬೇಕು. ಮಡಿಯಿಂದ ಮಡಿಗೆ ಇಳಿಯಬೇಕು.
ಬಿಸಿಲು ಬೇಕು, ಗಾಳಿ ಬೇಕು,
ಕೆಂಪಗಾಗಬೇಕು ನೀರು, ಕೆನೆ ಕಟ್ಟಬೇಕು.
ಆಳೆತ್ತರದ ಕಂಬ ಅಂದರೆ
ಒಂದು ಇಡೀ ಬೇಸಿಗೆ ನಿಂತಿದ್ದಾಳೆ ಅವಳು.
ಅತ್ತಿದ್ದಾಳೆ. ಅಷ್ಟು ನೀರು ಮತ್ತೆಲ್ಲಿಂದ?"

ಆಮೇಲೆ ಬೆಂಚಿನ ಹಲಗೆಗೆ ಹೇಳುವಂತೆ ಹೇಳಿದಳು:
"ಭೂಕಂಪದ ಜನವರಿಯಲ್ಲಿ ನಮ್ಮನ್ನು ಲಾರಿಗೆ ತುಂಬಿದರು.
ಮೀಸೆ ಬಾರದ ಒಬ್ಬ ಸಿಪಾಯಿ, ಪಾಪ,
'ಅತ್ತ ನೋಡಬೇಡಿ ಅಮ್ಮಂದಿರಾ' ಅಂದ.
ಎಂಟು ಜನ ಹೆಂಗಸರಿದ್ದೆವು, ಎಂಟೂ ಜನ ನೋಡಿದೆವು.
ಹುಟ್ಟಿದಂದಿನಿಂದ ಆ ಊರಿನ ಉಪ್ಪು ತಿಂದು
ಕತ್ತು ತಿರುಗಿಸದೆ ಇರುವುದಕ್ಕಾಗುತ್ತದೆಯೇ?
ಒಲೆಯ ಮೇಲೆ ಹುರುಳಿ ಬೇಯಲು ಇಟ್ಟಿದ್ದೆ.
ಯಾರೂ ಕಂಬವಾಗಲಿಲ್ಲ.
ನನಗೆ ಉಪ್ಪಾಗಲು ಏಳು ವರ್ಷ ಹಿಡಿಯಿತು, ಇಲ್ಲಿಗೆ ಬಂದು."

ಕಾಲೊಜೆರೊ ಗಂಟಲು ಸರಿಮಾಡಿಕೊಂಡ.
ಪುಸ್ತಕದ ಎರಡನೆಯ ಪಾಲಿನಲ್ಲಿ, ಅವನ ಪಾಲಿನಲ್ಲಿ,
ಬಡಗಿಯ ಮಗ ಅವಳನ್ನು ನೆನೆಯಿರಿ ಅನ್ನುತ್ತಾನಂತೆ;
ಪಾದ್ರಿಗಳು ಬೆರಳಾಡಿಸಿ ಓದುತ್ತಿದ್ದರು ಅದನ್ನು,
ಗದರುವಂತೆ.
"ಆದರೆ ನೆನೆಯುವುದು ಸತ್ತ ನಮ್ಮವರನ್ನಲ್ಲವೇ?
ಬಲೆ ಎಳೆಯುವವರಿಗೆ 'ನೀವು ಉಪ್ಪು' ಅಂದದ್ದೂ ಅದೇ ಬಾಯಿ..."
ಇಷ್ಟಕ್ಕೇ ಹೆದರಿದಂತೆ ನಿಲ್ಲಿಸಿ
"ಇದು ಪರೀಕ್ಷೆಗೆ ಬರುತ್ತದೆಯೇ?" ಎಂದ.

ಟೀಚರ್ ಉತ್ತರಿಸಲಿಲ್ಲ.
ಅವರ ತೋರುಬೆರಳು ಮೂರನೆಯ ಪದ ದಾಟಿ
ನಾಲ್ಕನೆಯದನ್ನು ಮುಟ್ಟದೆ ನಿಂತಿತ್ತು.
ಅಲ್ಲಿ ಇದ್ದದ್ದು ಅಕ್ಕಿಕಾಳಿನಷ್ಟು ಬಿಳಿ ಕಾಗದ.
ಅಜ್ಜ ಓದಿದ್ದ, ಅಜ್ಜನ ಅಜ್ಜ ಓದಿದ್ದ,
ಮೇಣದ ಹನಿ ಬಿದ್ದ ಕಲೆ ಇತ್ತು ಅಂಚಿಗೆ;
ಆ ಜಾಗದಲ್ಲಿ ಒಂದು ಬೇಸಿಗೆ ಇರಬಹುದೆಂದು
ಯಾರೂ ಅವರಿಗೆ ಹೇಳಿರಲಿಲ್ಲ.

ನನಗೀಗ ಅರವತ್ತೆಂಟು. ಸರ್ಟಿಫಿಕೇಟು ಕಳೆದುಹೋಗಿದೆ.
ಯಾವ ಪುಸ್ತಕ ಹಿಡಿದರೂ ಪದ ಪದದ ನಡುವೆ
ನೀರು ನಿಂತಿದೆಯೇ ಎಂದು ನೋಡುವ ಚಟ ಮಾತ್ರ ಹೋಗಿಲ್ಲ.

ಅವತ್ತು ಮಳೆ ಶುರುವಾಯಿತು.
ಮೂರನೆಯ ರಾಶಿಯ ಹಂಚು ಸಡಿಲವಿದೆಯೆಂದು
ಕ್ರೊಚಿಫಿಸ್ಸಾ ಪಾಠದ ನಡುವೆಯೇ ಎದ್ದು ಹೊರಟಳು.
ಬಾಗಿಲ ಬಳಿ ನಿಂತಳು.
ಹಿಂದಕ್ಕೆ ತಿರುಗಿದಳು.
ಹತ್ತು ಜನ ಉಸಿರು ಹಿಡಿದೆವು.

ಕೊಡೆ ಮರೆತಿದ್ದಳು.